ಫಿನಿಶ್ ಕಟ್‌ನಲ್ಲಿ ಅಳತೆ ಕೈಕೊಡುತ್ತಿದೆಯಾ? ಲೇತಿನಲ್ಲಿ ತಪ್ಪು ಹುಡುಕುವ ಬಗೆ

ಕೆಲಸ ಸಣ್ಣದೇ. ಇಎನ್8 ಅನ್ನುವ ಸ್ಟೀಲ್ ರಾಡಿನಲ್ಲಿ ಒಂದು ಪಂಪ್ ಶಾಫ್ಟ್. ತುದಿಯಲ್ಲಿ 6205 ಬೇರಿಂಗ್ ಕೂರಬೇಕು. ಆ ಬೇರಿಂಗಿನ ಒಳವ್ಯಾಸ 25 ಮಿ.ಮೀ. ಡ್ರಾಯಿಂಗಿನಲ್ಲಿ 25 ಕೆ6 ಅಂತ ಇತ್ತು. ಅಂದರೆ ಶಾಫ್ಟ್ 25.002ಕ್ಕಿಂತ ಕಡಿಮೆ ಆಗಬಾರದು, 25.015ಕ್ಕಿಂತ ಜಾಸ್ತಿ ಇರಬಾರದು. ನಮಗೆ ಸಿಗುವ ಜಾಗ ಬರೀ 13 ಮೈಕ್ರಾನ್, ಅಂದರೆ 0.013 ಮಿ.ಮೀ.

ನಮ್ಮ ಶಾಪಿಗೆ ಹೊಸದಾಗಿ ಬಂದ ಐಟಿಐ ಹುಡುಗ ಅದನ್ನು 25.05 ತನಕ ಚೆನ್ನಾಗಿ ತಂದ. ಇನ್ನು 0.04 ತೆಗೆದರೆ ಮುಗೀತು ಅಂತ ಡಯಲ್‌ನಲ್ಲಿ (ಟೂಲನ್ನು ಒಳಗೆ ತಳ್ಳುವ ಹ್ಯಾಂಡಲಿನ ಗೀಟುಗಳಲ್ಲಿ) ಅಷ್ಟೇ ಕೊಟ್ಟ. ಟೂಲ್ ಓಡಿತು. ಚಿಪ್ಸ್ ಬರಲಿಲ್ಲ, ಬೂದಿಯಂಥ ಪುಡಿ ಉದುರಿತು. ಅಳೆದರೆ 25.045. ಮತ್ತೆ 0.04 ಕೊಟ್ಟ. ಈ ಸಲ ತೆಳ್ಳಗೆ ಎಳೆ ಬಂತು. ಅಳೆದರೆ 24.975. ಬೇರಿಂಗ್ ಕೈಯಲ್ಲೇ ಜಾರಿಕೊಂಡು ಒಳಗೆ ಹೋಯ್ತು. ಶಾಫ್ಟ್ ಸ್ಕ್ರ್ಯಾಪ್.

‘ಅಣ್ಣ, ಈ ಲೇತಿನ ಡಯಲ್ ಸರಿಯಿಲ್ಲ’ ಅಂದ.

ಲೆಕ್ಕ ನೋಡಿ. ಎರಡೂ ಸಲ ಸೇರಿ ಅವನು ಕೊಟ್ಟಿದ್ದು 0.08. ಹೋಗಿದ್ದು 0.075. ಡಯಲ್ ಸುಳ್ಳು ಹೇಳಿಲ್ಲ. ಮೊದಲ ಸಲ ಹೋಗಬೇಕಾಗಿದ್ದು ಹೋಗದೆ ಉಳಿದು, ಎರಡನೇ ಸಲ ಒಟ್ಟಿಗೆ ಹೋಯ್ತು. ಫಿನಿಶ್ ಕಟ್‌ನಲ್ಲಿ, ಅಂದರೆ ಅಳತೆಗೆ ತರುವ ಕೊನೆಯ ಕಟ್‌ನಲ್ಲಿ, ಅಳತೆ ತಪ್ಪುವ ಕೇಸುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಆದರೆ ಎಲ್ಲವೂ ಅಲ್ಲ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ತಪ್ಪು ಯಾವ ಥರದ್ದು ಅಂತ ಗೊತ್ತುಮಾಡಿಕೊಳ್ಳಬೇಕು.

ಮೊದಲು ತಪ್ಪಿನ ಮುಖ ನೋಡಿ

ಒಂದು ಸ್ಕ್ರ್ಯಾಪ್ ರಾಡು ಹಿಡಿಯಿರಿ. 40 ಮಿ.ಮೀ. ದಪ್ಪದ್ದು, ಚಕ್‌ನಿಂದ (ರಾಡನ್ನು ಹಿಡಿದು ತಿರುಗಿಸುವ ಭಾಗ) 60 ಮಿ.ಮೀ. ಹೊರಗೆ ಇದ್ದರೆ ಸಾಕು. ರಫ್ ಮಾಡಿ, ಅಂದರೆ ಮೊದಲು ದೊಡ್ಡ ಕಟ್‌ನಲ್ಲಿ ಒರಟಾಗಿ ತೆಗೆಯಿರಿ. ಆಮೇಲೆ ಒಂದೇ ಸ್ಪೀಡು, ಒಂದೇ ಫೀಡಿನಲ್ಲಿ, ವ್ಯಾಸದಲ್ಲಿ 0.50 ಹೋಗುವ ಹಾಗೆ ನಾಲ್ಕು ಕಟ್ ಹಾಕಿ. ಪ್ರತಿ ಕಟ್ ಆದಮೇಲೆ ಲೇತ್ ನಿಲ್ಲಿಸಿ, ಜಾಬ್ (ಲೇತಿನಲ್ಲಿ ತಿರುಗುತ್ತಿರುವ ತುಂಡು) ಆರಲು ಬಿಟ್ಟು, ಎರಡು ಕಡೆ ಅಳೆಯಿರಿ: ಚಕ್ ಹತ್ತಿರ ಒಂದು, ತುದಿಯಲ್ಲಿ ಒಂದು. ಬರೆದಿಡಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ, ಆಗಲ್ಲ.

ಈಗ ಪುಸ್ತಕ ನೋಡಿದರೆ ಮೂರರಲ್ಲಿ ಒಂದು ಕಾಣುತ್ತದೆ. ಪ್ರತಿ ಸಲವೂ ಕೊಟ್ಟ 0.50ಕ್ಕೆ 0.50ರ ಹತ್ತಿರವೇ ಹೋಗಿದ್ದರೆ ನಿಮ್ಮ ಲೇತ್ ಆರೋಗ್ಯವಾಗಿದೆ, ತಪ್ಪು ಕೆಲಸ ಮಾಡುವ ಕ್ರಮದಲ್ಲಿದೆ. ಒಂದು ಸಲ 0.46, ಇನ್ನೊಂದು ಸಲ 0.55 ಅಂತ ಕುಣಿದಿದ್ದರೆ ಎಲ್ಲೋ ಏನೋ ಸಡಿಲ ಇದೆ. ಹೋದದ್ದು ಸರಿಯಾಗಿದ್ದು, ಎರಡು ತುದಿಯ ಅಳತೆ ಮಾತ್ರ ಬೇರೆ ಬೇರೆ ಇದ್ದರೆ ಅದು ಟೇಪರ್. ಮೂರಕ್ಕೂ ಮದ್ದು ಬೇರೆ. ಟೇಪರ್ ಇದ್ದಾಗ ಜಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಟೈಟ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ ಅಷ್ಟೇ.

ಅಳೆಯುವ ಕೈಯೇ ತಪ್ಪಿದರೆ

ಲೇತಿಗೆ ಕೈ ಹಾಕುವ ಮೊದಲು ಮೈಕ್ರೊಮೀಟರ್ ಒರೆಸಿ, ಸೊನ್ನೆ ನೋಡಿ. ವರ್ನಿಯರ್ ಇಟ್ಟುಕೊಂಡು 13 ಮೈಕ್ರಾನ್ ಹಿಡಿಯುತ್ತೇನೆ ಅಂದರೆ ಅದು ಆಗದ ಮಾತು. ಡಿಜಿಟಲ್ ವರ್ನಿಯರ್ 0.01 ತೋರಿಸುತ್ತದೆ ನಿಜ. ತೋರಿಸುವುದು ಬೇರೆ, ಅಷ್ಟು ಸರಿಯಾಗಿ ಅಳೆಯುವುದು ಬೇರೆ.

ಒಂದೇ ಜಾಗವನ್ನು ಐದು ಸಲ ಅಳೆಯಿರಿ, ಪ್ರತಿ ಸಲ ಮೈಕ್ರೊಮೀಟರ್ ಪೂರ್ತಿ ತೆಗೆದು ಹಾಕಿ. ಐದೂ ರೀಡಿಂಗ್ 2 ಅಥವಾ 3 ಮೈಕ್ರಾನಿನೊಳಗೆ ಬರಬೇಕು. ಬರದಿದ್ದರೆ ರ‍್ಯಾಚೆಟ್ (ಒತ್ತಡ ಮಿತಿಯಲ್ಲಿಡುವ ತುದಿಯ ಗುಬ್ಬಿ) ಬಿಟ್ಟು ಥಿಂಬಲ್ (ಅಂಕೆಯಿರುವ ತಿರುಗುವ ಕೊಳವೆ) ಹಿಡಿದು ತಿರುಗಿಸುತ್ತಿದ್ದೀರಿ, ಅಥವಾ ಜಾಬ್ ಮೇಲೆ ಬರ್ (ಕಟ್ ಬಿಟ್ಟ ಸಣ್ಣ ಮುಳ್ಳು) ಇದೆ, ಇಲ್ಲವೇ ಎಣ್ಣೆ ಇದೆ.

ಇನ್ನು ಬಿಸಿ. ಇದನ್ನು ಎಲ್ಲರೂ ಕೇಳಿರುತ್ತಾರೆ, ಯಾರೂ ಲೆಕ್ಕ ಹಾಕಿರುವುದಿಲ್ಲ. ಸ್ಟೀಲು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 11.7 ಮೈಕ್ರಾನ್ ಹಿಗ್ಗುತ್ತದೆ. ರಫ್ ಮಾಡಿದ ಕೂಡಲೇ ಜಾಬ್ ಮುಟ್ಟಿ ನೋಡಿ. ಹಿಡಿದುಕೊಂಡಿರಲು ಆಗುತ್ತಿಲ್ಲ ಅಂದರೆ ಅದು ಶಾಪಿನ ಗಾಳಿಗಿಂತ 25 ಡಿಗ್ರಿಯಾದರೂ ಜಾಸ್ತಿ ಬಿಸಿ ಇದೆ. 25 ಮಿ.ಮೀ. ಶಾಫ್ಟ್ ಆಗ 7 ಮೈಕ್ರಾನ್ ದಪ್ಪ ಕಾಣುತ್ತದೆ. ನಮಗಿದ್ದ 13ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯ್ತು. ಅದೇ 100 ಮಿ.ಮೀ. ವ್ಯಾಸದ ಜಾಬ್ ಆಗಿದ್ದರೆ ಸುಮಾರು 29 ಮೈಕ್ರಾನ್. ಬಿಸಿಯಲ್ಲಿ ಅಳೆದು ಫಿನಿಶ್ ಮಾಡಿದ ಶಾಫ್ಟ್ ಬೆಳಗ್ಗೆ ಬಂದು ನೋಡಿದರೆ ಸಣ್ಣ ಆಗಿರುತ್ತದೆ.

ಅಂದಹಾಗೆ, ಅಳತೆಗೆ ಲೆಕ್ಕದ ತಾಪ 20 ಡಿಗ್ರಿ. ನಮ್ಮ ಕಡೆ ಬೇಸಿಗೆಯ ಶಾಪು ಅದರ ಹತ್ತಿರಕ್ಕೂ ಬರಲ್ಲ. ಆದರೂ ಸ್ಟೀಲ್ ಶಾಫ್ಟಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೈಕ್ರೊಮೀಟರು, ಬೇರಿಂಗು, ಶಾಫ್ಟು ಎಲ್ಲವೂ ಸ್ಟೀಲೇ, ಒಟ್ಟಿಗೆ ಹಿಗ್ಗುತ್ತವೆ. ಎಲ್ಲವೂ ಒಂದೇ ತಾಪಕ್ಕೆ ಬಂದಿರಬೇಕು ಅಷ್ಟೇ. ಅಲ್ಯೂಮಿನಿಯಂ ಹೌಸಿಂಗ್ ಬೋರ್ ಮಾಡುವಾಗ ಮಾತ್ರ ಈ ಸಮಾಧಾನ ಇಲ್ಲ. ಅಲ್ಯೂಮಿನಿಯಂ ಹಿಗ್ಗುವುದು ಸ್ಟೀಲಿನ ಎರಡರಷ್ಟು. 6205ರ ಹೊರವ್ಯಾಸ 52 ಮಿ.ಮೀ. ಶಾಪು 32 ಡಿಗ್ರಿ ಇದ್ದಾಗ ಆ ಬೋರಿಗೂ ಸ್ಟೀಲ್ ಗೇಜಿಗೂ 7 ಮೈಕ್ರಾನ್ ವ್ಯತ್ಯಾಸ ಬರುತ್ತದೆ.

ನಾವು ಮಾಡುವುದು ಇಷ್ಟು. ರಫ್ ಮುಗಿಸಿ ಜಾಬ್ ಮೇಲೆ ಕೂಲೆಂಟ್ ಬಿಟ್ಟು ಟೀ ಕುಡಿದು ಬರುವುದು. ಫಿನಿಶ್ ಆಮೇಲೆ. ಲೇತಿನ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಸ್ಪಿಂಡಲ್ ಇರುವ ಪೆಟ್ಟಿಗೆ) ಕೂಡ ಬೆಳಗ್ಗೆ ತಣ್ಣಗಿದ್ದು ಓಡುತ್ತಾ ಬಿಸಿಯಾಗುತ್ತದೆ, ಸ್ಪಿಂಡಲ್ ಸ್ವಲ್ಪ ಜರುಗುತ್ತದೆ. ಅದಕ್ಕೆ ದಿನದ ಮೊದಲ ಕೆಲಸವಾಗಿ ಬೇರಿಂಗ್ ಸೀಟ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬೇರೆ ಏನಾದರೂ ಓಡಿಸುತ್ತೇವೆ.

ಟೂಲ್ ಕಚ್ಚುತ್ತಿದೆಯಾ, ಉಜ್ಜುತ್ತಿದೆಯಾ

ಈಗ ಹುಡುಗನ ಕೇಸಿಗೆ ಬರೋಣ. ಅವನು ವ್ಯಾಸದಲ್ಲಿ 0.04 ಕೊಟ್ಟ. ಟೂಲಿಗೆ ಸಿಕ್ಕಿದ್ದು ಅದರ ಅರ್ಧ, 0.02 ಆಳ. ಹಾಕಿದ್ದದ್ದು ಟಿಎನ್‌ಎಂಜಿ 160408 ಇನ್ಸರ್ಟ್, ಅಂದರೆ ಟೂಲಿನ ತುದಿಗೆ ಕೂರಿಸುವ ಕಾರ್ಬೈಡ್ ಚೂರು. ಕೊನೆಯ 08 ಅಂದರೆ ಮೂಗಿನ ರೇಡಿಯಸ್ 0.8 ಮಿ.ಮೀ. ಇಂಥ ಇನ್ಸರ್ಟಿನ ಅಂಚು ಬ್ಲೇಡಿನ ಹಾಗೆ ಚೂಪಾಗಿರುವುದಿಲ್ಲ. ಮುರಿಯದೇ ಇರಲಿ ಅಂತ ಬೇಕೆಂದೇ ಅಂಚನ್ನು ಸ್ವಲ್ಪ ದುಂಡಗೆ ಮಾಡಿರುತ್ತಾರೆ. ಆ ದುಂಡು ಕೂಡ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟು, ಅಂದರೆ ನೀವು ಕೊಟ್ಟ ಆಳದಷ್ಟೇ ದೊಡ್ಡದು! ಅದು ಹೇಗೆ ಕಚ್ಚೀತು? ಲೋಹವನ್ನು ಒತ್ತಿ, ಉಜ್ಜಿ, ಮೇಲೆ ಹತ್ತಿ ಮುಂದೆ ಹೋಗುತ್ತದೆ. ಜಾಬ್ ಆ ಕಡೆ ಬಾಗುತ್ತದೆ, ಟೂಲ್ ಈ ಕಡೆ ಬಾಗುತ್ತದೆ. ಎರಡನೇ ಸಲ ಇನ್ನಷ್ಟು ಕೊಟ್ಟಾಗ ಒತ್ತಡ ಜಾಸ್ತಿಯಾಗಿ ಕೊನೆಗೆ ಕಚ್ಚುತ್ತದೆ. ಕಚ್ಚಿದ್ದೇ ತಡ, ಎರಡು ಸಲದ್ದೂ ಒಟ್ಟಿಗೆ ಬರುತ್ತದೆ.

ಗುರುತು ಹಿಡಿಯುವುದು ಸುಲಭ. ಚಿಪ್ಸ್ ನೋಡಿ. ಪುಡಿ ಬಂದರೆ, ಅಥವಾ ಏನೂ ಬರದೆ ಮೇಲ್ಮೈ ಮಾತ್ರ ಹೊಳೆದರೆ, ಟೂಲ್ ಉಜ್ಜುತ್ತಿದೆ. ಆ ಹೊಳಪು ಕಂಡು ‘ಫಿನಿಶ್ ಸಖತ್ತಾಗಿ ಬಂದಿದೆ’ ಅಂತ ಖುಷಿಪಡುವವರನ್ನು ನೋಡಿದ್ದೇನೆ. ನಾನೂ ಪಟ್ಟಿದ್ದೇನೆ.

ಎರಡು ದಾರಿ ಇವೆ. ಒಂದು, ಚೂಪಾದ ಟೂಲ್. ಚೆನ್ನಾಗಿ ಸಾಣೆ ಹಿಡಿದು, ಎಣ್ಣೆ ಕಲ್ಲಿನಲ್ಲಿ ಉಜ್ಜಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಈಗಲೂ ಇದರಲ್ಲಿ ರಾಜ. ಅದು ಕೂದಲಿನಷ್ಟು ತೆಳ್ಳಗೆ ತೆಗೆಯುತ್ತದೆ. ಅಲ್ಯೂಮಿನಿಯಂಗೆ ಅಂತ ಬರುವ, ಅಂಚು ಗ್ರೈಂಡ್ ಮಾಡಿದ ಸಿಸಿಜಿಟಿ ಇನ್ಸರ್ಟುಗಳೂ ಸ್ಟೀಲಿನಲ್ಲಿ ಸಣ್ಣ ಫಿನಿಶ್ ಕಟ್‌ಗೆ ಆಗುತ್ತವೆ. ತುದಿ ಬೇಗ ಚಿಪ್ ಆಗುತ್ತದೆ, ಅಷ್ಟೇ. ಎರಡನೆಯದು, ಮತ್ತು ನನಗೆ ಹೆಚ್ಚು ನಂಬಿಕೆ ಇರುವುದು: ಟೂಲಿಗೆ ತಿನ್ನಲು ಬೇಕಾದಷ್ಟು ಉಳಿಸುವುದು. 0.4 ಮೂಗಿನ ಡಿಸಿಎಂಟಿ ಅಥವಾ ಸಿಸಿಎಂಟಿ ಇನ್ಸರ್ಟ್ ಹಾಕಿ, ಕೊನೆಯ ಕಟ್‌ಗೆ ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ಉಳಿಸಿ. 0.04 ಉಳಿಸಿ ಹೆದರುತ್ತಾ ಹೋಗುವುದಕ್ಕಿಂತ 0.6 ಉಳಿಸಿ ಧೈರ್ಯವಾಗಿ ಹೋಗುವುದೇ ಮೇಲು.

ಕೊನೆಯ ಎರಡು ಕಟ್ ಅವಳಿ ಇರಬೇಕು

ಇದೊಂದು ಗೊತ್ತಾದರೆ ಅರ್ಧ ತೊಂದರೆ ಹೋಯ್ತು. ಯಾವ ಲೇತೂ ಕಟ್ ಆಗುವಾಗ ಸ್ವಲ್ಪ ಬಾಗುತ್ತದೆ. ಬಾಗಿದಷ್ಟು ಲೋಹ ಜಾಬ್ ಮೇಲೆ ಉಳಿಯುತ್ತದೆ. ದೊಡ್ಡ ಕಟ್‌ಗೆ ಜಾಸ್ತಿ ಉಳಿಯುತ್ತದೆ, ಸಣ್ಣ ಕಟ್‌ಗೆ ಕಡಿಮೆ. ದೊಡ್ಡ ರಫ್ ಕಟ್ ಆದಮೇಲೆ ಸಣ್ಣ ಕಟ್ ಹಾಕಿದರೆ ಟೂಲ್ ನೀವು ಕೊಟ್ಟಿದ್ದಷ್ಟನ್ನೂ ತೆಗೆಯುತ್ತದೆ, ಹಿಂದೆ ಬಾಗಿ ಬಿಟ್ಟುಬಂದದ್ದರಲ್ಲೂ ಒಂದಿಷ್ಟನ್ನು ತೆಗೆಯುತ್ತದೆ. ಅದಕ್ಕೇ ಅಳತೆ ಕೆಳಗೆ ಹೋಗುವುದು. ಹಿಂದಿನ ಕಟ್ ಮತ್ತು ಈಗಿನ ಕಟ್ ಎರಡೂ ಒಂದೇ ಥರ ಇದ್ದರೆ? ಬಾಗುವುದೂ ಒಂದೇ, ಉಳಿಯುವುದೂ ಒಂದೇ. ಆಗ ಡಯಲ್‌ನಲ್ಲಿ ಕೊಟ್ಟಷ್ಟೇ ಹೋಗುತ್ತದೆ.

ನಮ್ಮ ಶಾಫ್ಟನ್ನೇ ತೆಗೆದುಕೊಳ್ಳಿ. ಗುರಿ 25.008. ರಫ್ ಆದಮೇಲೆ, ಆರಿದ ಮೇಲೆ, 26.208 ಇದೆ ಅಂದುಕೊಳ್ಳಿ. ಹೋಗಬೇಕಾದದ್ದು 1.200. ಅರ್ಧ ಮಾಡಿ, 0.600 ಕೊಡಿ. ಬರಬೇಕಾದದ್ದು 25.608. ಅಳೆದರೆ 25.590 ಬಂತು. 0.018 ಜಾಸ್ತಿ ಹೋಗಿದೆ, ರಫ್ ಕಟ್ ಬಿಟ್ಟುಹೋದದ್ದರಲ್ಲಿ ಒಂದು ಪಾಲು ಅದು. ಗಾಬರಿ ಬೇಡ. ಈ ಕಟ್ ಹಾಕಿದ್ದೇ ಅದನ್ನು ತಿಳಿಯುವುದಕ್ಕೆ. ಈಗ ಉಳಿದದ್ದು 0.582. ಅದನ್ನೇ ಕೊಡಿ. ಇನ್ಸರ್ಟ್ ಬದಲಿಸಬೇಡಿ, ಸ್ಪೀಡು, ಫೀಡು ಮುಟ್ಟಬೇಡಿ, ಮೊದಲ ಕಟ್‌ಗೆ ಕೂಲೆಂಟ್ ಇದ್ದರೆ ಇದಕ್ಕೂ ಇರಲಿ. 0.600ಕ್ಕೂ 0.582ಕ್ಕೂ ಟೂಲಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 25.008ರ ಹತ್ತಿರವೇ ಬಂದು ನಿಲ್ಲುತ್ತದೆ.

ಬೆಲೆಬಾಳುವ ಜಾಬ್ ಆದರೆ ಎರಡರ ಬದಲು ಮೂರು ಕಟ್ ಮಾಡಿ. ಮೊದಲ ಎರಡರಲ್ಲಿ ಲೇತ್ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗಿರುತ್ತದೆ.

‘ಸ್ಪ್ರಿಂಗ್ ಕಟ್’ ಅಂತ ಒಂದು ಅಭ್ಯಾಸ ಇದೆ, ಡಯಲ್ ಮುಟ್ಟದೆ ಅದೇ ಕಟ್ ಮತ್ತೊಮ್ಮೆ ಓಡಿಸುವುದು. ತಪ್ಪು ಹುಡುಕಲು ಅದು ಒಳ್ಳೆಯ ಉಪಾಯ. ಹಾಗೆ ಓಡಿಸಿದಾಗ ಚಿಪ್ಸ್ ಚೆನ್ನಾಗಿ ಬಂದರೆ ಎಲ್ಲೋ ಜಾಸ್ತಿ ಬಾಗುತ್ತಿದೆ ಅಂತ ಅರ್ಥ. ಆದರೆ ಅಳತೆ ತರುವ ದಾರಿಯಾಗಿ, ಕಾರ್ಬೈಡ್ ಇಟ್ಟುಕೊಂಡು ಸ್ಟೀಲಿನ ಮೇಲೆ, ನನಗೆ ಅದು ಇಷ್ಟವಿಲ್ಲ. ಒಂದು ಕಡೆ ಕಚ್ಚುತ್ತದೆ, ಒಂದು ಕಡೆ ಉಜ್ಜುತ್ತದೆ.

0.582 ಅಂತ ಡಯಲ್‌ನಲ್ಲಿ ಓದುವುದು ಹೇಗೆ

ನ್ಯಾಯವಾದ ಪ್ರಶ್ನೆ. ಎಷ್ಟೋ ಲೇತುಗಳ ಕ್ರಾಸ್ ಸ್ಲೈಡ್ (ಟೂಲನ್ನು ಜಾಬ್ ಕಡೆಗೆ ಒಯ್ಯುವ ಅಡ್ಡ ಸ್ಲೈಡ್) ಡಯಲ್‌ನಲ್ಲಿ ಒಂದು ಗೀಟು ಅಂದರೆ 0.05. ಅದೂ ವ್ಯಾಸದ್ದೋ ರೇಡಿಯಸ್ಸಿನದ್ದೋ ಅನ್ನುವುದು ಲೇತಿನಿಂದ ಲೇತಿಗೆ ಬೇರೆ. ಹೊಸ ಲೇತಿಗೆ ನಿಂತಾಗ ಮೊದಲು ಇದನ್ನು ಸ್ಕ್ರ್ಯಾಪ್ ಮೇಲೆ ನೋಡಿಕೊಳ್ಳಿ.

ಡಿಆರ್‌ಓ (ಸ್ಲೈಡ್ ಎಷ್ಟು ಸರಿಯಿತು ಅಂತ ಅಂಕೆಯಲ್ಲಿ ತೋರಿಸುವ ಪರದೆ) ಇದ್ದರೆ ಪುಣ್ಯ. ಇಲ್ಲದಿದ್ದರೆ ಮ್ಯಾಗ್ನೆಟ್ ಸ್ಟ್ಯಾಂಡನ್ನು ಕ್ಯಾರೇಜ್ (ಬೆಡ್ಡಿನ ಉದ್ದಕ್ಕೆ ಓಡುವ ಭಾಗ) ಮೇಲೆ ಕೂರಿಸಿ, ಡಯಲ್ ಗೇಜನ್ನು ಕ್ರಾಸ್ ಸ್ಲೈಡಿಗೆ ತಾಗಿಸಿ. ಹ್ಯಾಂಡಲ್ ಡಯಲ್ ಮರೆತುಬಿಡಿ, ಗೇಜ್ ನೋಡಿ ಕೊಡಿ. ಗೇಜ್ ತೋರಿಸುವುದು ರೇಡಿಯಸ್, ಆದ್ದರಿಂದ 0.582ಕ್ಕೆ 0.291. ಈ ಅರ್ಧ ಮಾಡುವುದನ್ನು ಮರೆತು ಹೋದ ಜಾಬುಗಳಿಗೆ ಲೆಕ್ಕವಿಲ್ಲ.

ಇನ್ನೊಂದು ಹಳೆಯ ಉಪಾಯ ಟಾಪ್ ಸ್ಲೈಡನ್ನು (ಕ್ರಾಸ್ ಸ್ಲೈಡಿನ ಮೇಲಿರುವ ಸಣ್ಣ ಸ್ಲೈಡ್) ತಿರುಗಿಸಿ ಇಡುವುದು. ಬೆಡ್ಡಿನ ಉದ್ದಕ್ಕೆ 5 ಡಿಗ್ರಿ 44 ಮಿನಿಟ್ ಕೋನದಲ್ಲಿಟ್ಟರೆ, ಟಾಪ್ ಸ್ಲೈಡ್ 0.10 ಹೋದಾಗ ಟೂಲ್ ಜಾಬ್ ಕಡೆಗೆ 0.01 ಮಾತ್ರ ಹೋಗುತ್ತದೆ. ಹತ್ತರಲ್ಲಿ ಒಂದು. 30 ಡಿಗ್ರಿಗೆ ಇಟ್ಟರೆ ಸರಿಯಾಗಿ ಅರ್ಧ, ಹಾಗಾಗಿ ಟಾಪ್ ಸ್ಲೈಡ್ ಡಯಲ್ ನೇರವಾಗಿ ವ್ಯಾಸವನ್ನೇ ಹೇಳುತ್ತದೆ. ಒಂದು ಎಚ್ಚರಿಕೆ. ಟಾಪ್ ಸ್ಲೈಡ್ ಉದ್ದಕ್ಕೂ ಜರುಗುತ್ತದೆ. ಶೋಲ್ಡರ್ (ವ್ಯಾಸ ಬದಲಾಗುವ ಮೆಟ್ಟಿಲು) ತನಕ ತಿರುಗಿಸುವ ಜಾಬ್ ಆದರೆ ಶೋಲ್ಡರಿಗೆ ಟೂಲ್ ಹೊಡೆಯುತ್ತದೆ. ಮೊದಲೇ ಜಾಗ ಬಿಟ್ಟುಕೊಳ್ಳಿ.

ಅಳತೆ ಕುಣಿಯುತ್ತಿದ್ದರೆ: ಸಡಿಲ ಹುಡುಕಿ

ನಾಲ್ಕು ಕಟ್ ಪರೀಕ್ಷೆಯಲ್ಲಿ ಅಳತೆ ಕುಣಿದವರು ಇಲ್ಲಿಂದ ಓದಿ.

ಬ್ಯಾಕ್‌ಲ್ಯಾಶ್ (ಹ್ಯಾಂಡಲಿನ ದಿಕ್ಕು ಬದಲಿಸಿದಾಗ ಸಿಗುವ ಖಾಲಿ ತಿರುವು) ಮೇಲೆ ಎಲ್ಲರಿಗೂ ಸಿಟ್ಟು. ಆದರೆ ಬ್ಯಾಕ್‌ಲ್ಯಾಶ್ ಒಂದರಿಂದಲೇ ಅಳತೆ ಕೆಡುವುದು ಕಡಿಮೆ. ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತುಗಳು, ಎಚ್‌ಎಂಟಿಯ ಎಚ್22 ಇಂಥವು ಈಗಲೂ ಎಷ್ಟೋ ಶೆಡ್ಡುಗಳಲ್ಲಿ ದುಡಿಯುತ್ತಿವೆ. ಸ್ಕ್ರೂ ಸವೆದು ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗುತ್ತದೆ. ಆದರೂ ಅದರಲ್ಲೇ ಬೇರಿಂಗ್ ಸೀಟ್ ಮಾಡುವ ಟರ್ನರುಗಳಿದ್ದಾರೆ. ಅವರ ಗುಟ್ಟು ಒಂದೇ, ಯಾವಾಗಲೂ ಒಳಗೆ ಕೊಡುತ್ತಲೇ ಗೀಟಿಗೆ ಬರುತ್ತಾರೆ. ಗೀಟು ದಾಟಿದರೆ ಒಂದು ಸುತ್ತು ಪೂರ್ತಿ ಹಿಂದೆ ತಂದು ಮತ್ತೆ ಮುಂದೆ ಬರುತ್ತಾರೆ. ಹಿಂದಕ್ಕೆ ‘ಸ್ವಲ್ಪ’ ತಿರುಗಿಸಿ ಗೀಟಿಗೆ ಸೇರಿಸುವುದೇ ಇಲ್ಲ.

ಸಡಿಲ ಜಿಬ್ ಬೇರೆ ಕಥೆ. ಡಯಲ್ ಗೇಜನ್ನು ಬೆಡ್ಡಿನ ಮೇಲೆ ನಿಲ್ಲಿಸಿ ಟೂಲ್ ಪೋಸ್ಟಿಗೆ ತಾಗಿಸಿ. ಟೂಲ್ ಪೋಸ್ಟನ್ನು ನಿಮ್ಮ ಕಡೆಗೆ ಕೈಯಲ್ಲಿ ಎಳೆಯಿರಿ, ಬಿಡಿ. ಆ ಕಡೆ ತಳ್ಳಿ, ಬಿಡಿ. ಮುಳ್ಳು ಸರಿದು ವಾಪಸ್ ಅದೇ ಜಾಗಕ್ಕೆ ಬಂದರೆ ಅದು ಬಾಗುವಿಕೆ. ಸರಿದು ಅಲ್ಲೇ ನಿಂತರೆ ಅದು ಪ್ಲೇ. ಬಾಗುವುದನ್ನು ಅವಳಿ ಕಟ್ ನೋಡಿಕೊಳ್ಳುತ್ತದೆ. ಪ್ಲೇ ಇದ್ದರೆ ಯಾವ ಉಪಾಯವೂ ನಡೆಯಲ್ಲ, ಅದನ್ನು ತೆಗೆಯಲೇಬೇಕು.

ಪ್ಲೇ ಎಲ್ಲಿದೆ ಅಂತ ಹುಡುಕಲು ಗೇಜನ್ನು ಒಂದೊಂದೇ ಹಂತ ಕೆಳಗೆ ತನ್ನಿ. ಟೂಲ್ ಪೋಸ್ಟ್, ಟಾಪ್ ಸ್ಲೈಡ್, ಕ್ರಾಸ್ ಸ್ಲೈಡ್, ಕ್ಯಾರೇಜ್. ಎಲ್ಲಿ ಮುಳ್ಳು ಸರಿಯುವುದು ನಿಲ್ಲುತ್ತದೋ ಅದರ ಮೇಲಿನ ಜೋಡಣೆಯಲ್ಲಿ ತಪ್ಪಿದೆ. ನಮ್ಮ ಶಾಪಿನಲ್ಲಿ ಹತ್ತಕ್ಕೆ ಆರು ಸಲ ಅದು ಟಾಪ್ ಸ್ಲೈಡ್. ಅದನ್ನು ಫಿನಿಶ್‌ಗೆ ಬಳಸುತ್ತಿಲ್ಲವಾದರೆ ಅದರ ಜಿಬ್ ಸ್ಕ್ರೂ ಪೂರ್ತಿ ಬಿಗಿದು ಲಾಕ್ ಮಾಡಿಬಿಡಿ. ಹೊರಗೆ ಚಾಚಿಕೊಂಡಿದ್ದರೆ ಒಳಗೆ ತನ್ನಿ. ಕ್ರಾಸ್ ಸ್ಲೈಡ್ ಜಿಬ್ ಮಾತ್ರ ಹ್ಯಾಂಡಲ್ ಸ್ವಲ್ಪ ಭಾರ ಅನ್ನಿಸುವಷ್ಟೇ ಬಿಗಿಯಿರಿ. ತುಂಬಾ ಬಿಗಿದರೆ ಸ್ಲೈಡ್ ಅಂಟಿಕೊಂಡು, ಆಮೇಲೆ ಪಟಕ್ಕನೆ ಜಿಗಿಯುತ್ತದೆ. 0.01 ಕೊಟ್ಟರೆ ಏನೂ ಆಗಲ್ಲ, 0.02 ಕೊಟ್ಟರೆ 0.03 ಹೋಗುತ್ತದೆ.

ಟೂಲ್ ಪೋಸ್ಟ್ ಅಡಿಯಲ್ಲಿ ಒಂದು ಚಿಪ್ಸ್ ತುಣುಕು ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ಟೂಲ್ ಕೆಳಗೆ ನಾಲ್ಕೈದು ಪ್ಯಾಕಿಂಗ್ ಪಟ್ಟಿ ಜೋಡಿಸಿದ್ದರೂ ಅಷ್ಟೇ, ಅವು ಸ್ಪ್ರಿಂಗ್ ಹಾಗೆ ಕುಣಿಯುತ್ತವೆ. ಆದಷ್ಟು ಒಂದೇ ದಪ್ಪ ಪಟ್ಟಿ ಇರಲಿ.

ಸೆಂಟರ್ ಹೈಟ್ ನೋಡಲು ಟೂಲ್ ತುದಿಗೂ ದುಂಡು ಜಾಬಿಗೂ ನಡುವೆ ಆರಿಂಚಿನ ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ, ಲೇತ್ ನಿಂತಿರುವಾಗ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಮೇಲಿದ್ದರೆ ಅಂಚಿನ ಕೆಳಗಿನ ಮೈ ಉಜ್ಜುತ್ತದೆ, ಮತ್ತೆ ಹುಡುಗನ ಕಥೆಯೇ.

ಟೇಪರ್ ಬಂದರೆ

ಟೇಪರ್ ಮೂರು ಕಡೆಯಿಂದ ಬರುತ್ತದೆ. ಜಾಬ್ ಬಾಗುವುದರಿಂದ, ಟೇಲ್‌ಸ್ಟಾಕಿನಿಂದ (ಸೆಂಟರ್ ಅನ್ನುವ ಮೊನೆಯಿಂದ ಜಾಬಿನ ಹೊರತುದಿಗೆ ಆಧಾರ ಕೊಡುವ ಭಾಗ), ಬೆಡ್ಡಿನಿಂದ. ಇದೇ ಕ್ರಮದಲ್ಲಿ ನೋಡಿ. ಎಷ್ಟೋ ಜನ ಕೊನೆಯದರಿಂದ ಶುರು ಮಾಡುತ್ತಾರೆ.

ಒಂದು ಲೆಕ್ಕ ಕೊಡುತ್ತೇನೆ. 20 ಮಿ.ಮೀ. ಸ್ಟೀಲ್ ರಾಡು, ಚಕ್‌ನಿಂದ 100 ಮಿ.ಮೀ. ಹೊರಗಿದೆ, ಸೆಂಟರ್ ಇಲ್ಲ. ಟೂಲ್ ಅದನ್ನು ಪಕ್ಕಕ್ಕೆ 100 ನ್ಯೂಟನ್, ಅಂದರೆ ಸುಮಾರು ಹತ್ತು ಕೆ.ಜಿ. ಬಲದಿಂದ ತಳ್ಳಿದರೆ ತುದಿ 0.02 ಬಾಗುತ್ತದೆ. ವ್ಯಾಸದಲ್ಲಿ 0.04 ದಪ್ಪ. ಚಕ್ ಹತ್ತಿರ ಸರಿ, ತುದಿ ದಪ್ಪ. ಉದ್ದ ಎರಡರಷ್ಟಾದರೆ ಬಾಗುವುದು ಎಂಟರಷ್ಟು. ಅದಕ್ಕೇ ವ್ಯಾಸದ ಮೂರು ನಾಲ್ಕರಷ್ಟು ಹೊರಗಿದ್ದರೆ ಸೆಂಟರ್ ಕೊಡಿ ಅನ್ನುವುದು. ಸೆಂಟರ್ ಕೊಟ್ಟಮೇಲೂ ಉದ್ದ ಸಪೂರ ಶಾಫ್ಟಿಗೆ ನಡುವೆ ಹೊಟ್ಟೆ ಬರುತ್ತದೆ. ಅದು ಟೇಲ್‌ಸ್ಟಾಕ್ ತಪ್ಪಲ್ಲ. ನಡುವೆ ಆಧಾರ ಕೊಡುವ ಸ್ಟೆಡಿ ಹಾಕಬೇಕು.

ಸೆಂಟರ್ ಕೊಟ್ಟಾಗ ಮಾತ್ರ ಟೇಪರ್ ಬರುತ್ತದೆ, ಕೊಡದೆ ಗಿಡ್ಡ ಜಾಬ್ ಮಾಡಿದಾಗ ಬರುವುದಿಲ್ಲ ಅಂದರೆ ಟೇಲ್‌ಸ್ಟಾಕ್. ಟೇಲ್‌ಸ್ಟಾಕ್ ಕಡೆ 25.040, ಚಕ್ ಕಡೆ 25.008 ಬಂತು ಅನ್ನಿ. ವ್ಯತ್ಯಾಸ 0.032. ಟೇಲ್‌ಸ್ಟಾಕ್ ಕಡೆ ದಪ್ಪ ಅಂದರೆ ಸೆಂಟರ್ ನಿಮ್ಮಿಂದ ಆಚೆ ಸರಿದಿದೆ. ಅದರ ಅರ್ಧ, 0.016, ನಿಮ್ಮ ಕಡೆ ತರಬೇಕು. ಸೆಂಟರ್ ಹಿಡಿದಿರುವ ಕ್ವಿಲ್‌ಗೆ ಡಯಲ್ ಗೇಜ್ ತಾಗಿಸಿಟ್ಟು ಪಕ್ಕದ ಸ್ಕ್ರೂ ತಿರುಗಿಸಿ, ಬೋಲ್ಟ್ ಬಿಗಿದ ಮೇಲೆ ಮತ್ತೆ ಗೇಜ್ ನೋಡಿ. ಬಿಗಿಯುವಾಗ ಜರುಗೇ ಜರುಗುತ್ತದೆ. ಒಂದು ಸಲಕ್ಕೆ ಕೂರಲ್ಲ, ಇನ್ನೊಂದು ಕಟ್ ಹಾಕಿ ನೋಡಿ ತಿದ್ದಬೇಕು. ಹಳೆಯ ಲೇತಿನ ಟೇಲ್‌ಸ್ಟಾಕ್ ಸವೆದು ಕೆಳಗಿಳಿದಿದ್ದರೆ ಟೇಪರ್ ಬಗ್ಗೆ ಅಷ್ಟು ಚಿಂತೆ ಬೇಡ. 25 ಮಿ.ಮೀ. ಜಾಬಿಗೆ 0.05 ಕೆಳಗಿದ್ದರೂ ವ್ಯಾಸದಲ್ಲಿ ಒಂದು ಮೈಕ್ರಾನೂ ವ್ಯತ್ಯಾಸ ಬರುವುದಿಲ್ಲ. ಪಕ್ಕಕ್ಕೆ ಸರಿದದ್ದೇ ಲೆಕ್ಕ.

ಸೆಂಟರ್ ಇಲ್ಲದೆ, ದಪ್ಪ ರಾಡಿನಲ್ಲೂ ಟೇಪರ್ ಬಂದರೆ ಆಗ ಬೆಡ್ ನೋಡಿ. 40 ಮಿ.ಮೀ. ರಾಡು 150 ಹೊರಗೆ ಬಿಟ್ಟು, ಎರಡು ತುದಿಯಲ್ಲಿ ಕಾಲರ್ (ದಪ್ಪ ಪಟ್ಟಿ) ಬಿಟ್ಟು ನಡುವೆ ಕೆಳಗಿಳಿಸಿ. ಚೂಪಾದ ಟೂಲಿನಲ್ಲಿ ಡಯಲ್ ಮುಟ್ಟದೆ ಎರಡೂ ಕಾಲರ್ ಮೇಲೆ ಸಣ್ಣ ಕಟ್ ಹಾಕಿ. ಹೊರಗಿನ ಕಾಲರ್ 0.02 ದಪ್ಪ ಬಂದರೆ ಬೆಡ್ ತಿರುಚಿಕೊಂಡಿರುವ ಸಾಧ್ಯತೆ ಜಾಸ್ತಿ. ಟೇಲ್‌ಸ್ಟಾಕ್ ಕಡೆಯ ಎರಡು ಕಾಲುಗಳಲ್ಲಿ ನಿಮ್ಮ ಕಡೆಯದ್ದನ್ನು ಕೂದಲೆಳೆಯಷ್ಟು ಎತ್ತಿ ಮತ್ತೆ ಕಟ್ ಹಾಕಿ. ಲೇತನ್ನು ಜಾಗ ಬದಲಿಸಿದ್ದರೆ, ಅಥವಾ ಕಾಲಿನ ಕೆಳಗೆ ಯಾರೋ ಮರದ ಚಕ್ಕೆ ತುರುಕಿದ್ದರೆ, ಮೊದಲು ಇದೇ ನೋಡಿ.

ಚಕ್ ರನ್‌ಔಟ್‌ಗೂ ಟೇಪರಿಗೂ ಸಂಬಂಧವಿಲ್ಲ. ಮೂರು ಜಾ (ಹಿಡಿಯುವ ದವಡೆ) ಇರುವ ಚಕ್ 0.1 ಹಾರಿದರೂ ಒಂದೇ ಹಿಡಿತದಲ್ಲಿ ತಿರುಗಿಸಿದ ಮೈ ಸ್ಪಿಂಡಲಿಗೆ ಸರಿಯಾಗೇ ಇರುತ್ತದೆ. ತೆಗೆದು ಮತ್ತೆ ಹಿಡಿದಾಗ ತಾನೇ ಅದರ ಆಟ ಶುರುವಾಗುವುದು.

ಮೈಕ್ರೊಮೀಟರ್ ಸರಿ ಅನ್ನುತ್ತದೆ, ಬೇರಿಂಗ್ ಕೂರುವುದಿಲ್ಲ

ಇದು ತಲೆ ತಿನ್ನುವ ಕೇಸು. ತೆಳ್ಳಗಿನ ಬುಷ್ ಅನ್ನು ಮೂರು ಜಾಗಳಲ್ಲಿ ಬಿಗಿದು ಬೋರ್ ಮಾಡಿದರೆ, ಹಿಡಿತದಲ್ಲಿರುವ ತನಕ ಬೋರ್ ದುಂಡಗಿರುತ್ತದೆ. ಬಿಟ್ಟ ಕೂಡಲೇ ಬುಷ್ ಬಿಚ್ಚಿಕೊಂಡು ಒಳಗಡೆ ಮೂರು ಉಬ್ಬು ಬರುತ್ತವೆ. ಎರಡು ಕಡೆ ತಾಗುವ ಗೇಜಿನಲ್ಲಿ ಇದು ಕಾಣುವುದೇ ಇಲ್ಲ. ಒಂದು ಉಬ್ಬಿನ ಎದುರಿಗೆ ಒಂದು ತಗ್ಗು ಬರುತ್ತದೆ, ಎಲ್ಲಿ ಅಳೆದರೂ ಒಂದೇ ವ್ಯಾಸ. ಮೂರು ಕಾಲಿನ ಬೋರ್ ಮೈಕ್ರೊಮೀಟರಿನಲ್ಲಿ, ಹೊರಮೈ ಆದರೆ ವಿ ಬ್ಲಾಕ್ ಮೇಲೆ ತಿರುಗಿಸಿ ಡಯಲ್ ಇಟ್ಟರೆ, ಸಿಕ್ಕಿಬೀಳುತ್ತದೆ. ಫಿನಿಶ್‌ಗೆ ಮೊದಲು ಚಕ್ ಸಡಿಲಿಸಿ ಹಗುರವಾಗಿ ಮತ್ತೆ ಬಿಗಿಯಿರಿ. ಅಥವಾ ಸಾಫ್ಟ್ ಜಾ ಬೋರ್ ಮಾಡಿಕೊಂಡು ಸುತ್ತಲೂ ಹಿಡಿಯಿರಿ.

ಬೋರಿಂಗ್ ಬಾರ್ ಬಗ್ಗೆ ಹೇಳುವುದಾದರೆ ಮೇಲಿನ ಬಾಗುವ ಲೆಕ್ಕವೇ ಅಲ್ಲೂ. ಸ್ಟೀಲ್ ಬಾರ್ ತನ್ನ ವ್ಯಾಸದ ನಾಲ್ಕರಷ್ಟಕ್ಕಿಂತ ಹೊರಗೆ ಹೋದರೆ ಕಿರುಚಲು ಶುರು. ಬೋರಿಗೆ ಹೋಗುವ ಅತಿ ದಪ್ಪ ಬಾರ್ ಹಾಕಿ, ಅತಿ ಕಡಿಮೆ ಹೊರಗೆ ಬಿಡಿ. ಸ್ಪ್ರಿಂಗ್ ಕಟ್ ಬೇಡ ಅಂದೆ, ಬೋರಿನಲ್ಲಿ ಮಾತ್ರ ಒಂದೋ ಎರಡೋ ಹಾಕಿಕೊಳ್ಳುತ್ತೇನೆ. ಅದನ್ನೂ ಪ್ರತಿ ಜಾಬಿಗೂ ಅಷ್ಟೇ ಸಲ.

ಮೈ ಒರಟಾಗಿದ್ದರೆ ಅಳತೆಯೂ ನಿಲ್ಲುವುದಿಲ್ಲ

ಮೈಕ್ರೊಮೀಟರ್ ಅಳೆಯುವುದು ಟೂಲ್ ಬಿಟ್ಟ ಗೆರೆಗಳ ತಲೆಯನ್ನು. ಬೇರಿಂಗ್ ಒತ್ತಿದಾಗ ಆ ತಲೆಗಳು ಚಪ್ಪಟೆಯಾಗುತ್ತವೆ. ಫೀಡನ್ನು ಅದರಿಂದಲೇ ಗುಣಿಸಿ, ಮೂಗಿನ ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಿದರೆ ಗೆರೆಯ ಎತ್ತರ ಸಿಗುತ್ತದೆ. 0.4 ಮೂಗು, 0.2 ಫೀಡ್ ಆದರೆ 12.5 ಮೈಕ್ರಾನ್. ಅದೇ ಮೂಗಿಗೆ 0.1 ಫೀಡ್ ಆದರೆ 3 ಮೈಕ್ರಾನ್ ಚಿಲ್ಲರೆ. ಅರ್ಧ ಫೀಡಿಗೆ ಕಾಲು ಎತ್ತರ. ಬೇರಿಂಗ್ ಸೀಟಿಗೆ 0.2 ಫೀಡಿನಲ್ಲಿ ಹೋಗಿ ಅಳತೆ ಸರಿಯಿದೆ ಅನ್ನುವುದರಲ್ಲಿ ಅರ್ಥ ಇಲ್ಲ.

ಲೆಕ್ಕಕ್ಕಿಂತ ಒರಟಾಗಿ, ಹರಿದಂತೆ ಬಂದರೆ ಸ್ಪೀಡ್ ಕಡಿಮೆ ಇದೆ. ಕಾರ್ಬೈಡ್‌ನಲ್ಲಿ ಇಎನ್8ಗೆ ನಿಮಿಷಕ್ಕೆ 120 ಮೀಟರ್ ಇಟ್ಟುಕೊಂಡರೆ 25 ಮಿ.ಮೀ. ಜಾಬಿಗೆ 1500 ಆರ್‌ಪಿಎಂ ಹತ್ತಿರ ಬೇಕು. ನಾವು ಅಭ್ಯಾಸ ಬಲದಿಂದ 400ರಲ್ಲಿ ಓಡಿಸುತ್ತೇವೆ. ಆಗ ಲೋಹ ಟೂಲ್ ತುದಿಗೆ ಮೆತ್ತಿಕೊಂಡು, ಬೆಳೆದು, ಕಳಚಿ ಬೀಳುತ್ತಿರುತ್ತದೆ. ಟೂಲಿನ ಉದ್ದವೇ ಕ್ಷಣಕ್ಷಣಕ್ಕೂ ಬದಲಾದ ಹಾಗೆ. ಎಚ್‌ಎಸ್‌ಎಸ್ ಆದರೆ ಅಷ್ಟು ಸ್ಪೀಡ್ ತಡೆಯುವುದಿಲ್ಲ. 25ರಿಂದ 30 ಮೀಟರಿಗೆ ಇಳಿದು, ಕಟಿಂಗ್ ಎಣ್ಣೆ ಹಚ್ಚಿ.

ಎಮೆರಿ ಪೇಪರ್ ವಿಷಯ. ಗೆರೆಗಳ ತಲೆ ಸವರಲು ಅಷ್ಟೇ, ಎರಡು ಮೂರು ಮೈಕ್ರಾನ್. 0.02 ಎಮೆರಿಯಲ್ಲಿ ತೆಗೆಯುತ್ತೇನೆ ಅಂದರೆ ದುಂಡು ಹೋಗುತ್ತದೆ, ಅಂಚು ಇಳಿಯುತ್ತದೆ. ಪೇಪರನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಜಾಬಿಗೂ ಸುತ್ತಬೇಡಿ, ಕೈಗೆ ಗ್ಲೌಸ್ ಹಾಕಬೇಡಿ. ಸೆಳೆದರೆ ಬೆರಳು ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಪೇಪರನ್ನು ಪಟ್ಟಿಗೆ ಅಂಟಿಸಿಕೊಂಡು ಒತ್ತಿ.

ಇಷ್ಟೆಲ್ಲ ಆದಮೇಲೂ ನಾಲ್ಕು ಕಟ್ ಅಳತೆ 0.02ರ ಒಳಗೆ ಬರುತ್ತಿಲ್ಲ ಅಂದರೆ ಸ್ಪಿಂಡಲ್ ಬೇರಿಂಗ್ ನೋಡಿ. ಲೇತ್ ಆಫ್ ಮಾಡಿ, ಸ್ಪಿಂಡಲ್ ಮೂಗಿಗೆ ಡಯಲ್ ತಾಗಿಸಿ, ಚಕ್ ಕೆಳಗೆ ಮರದ ಸನ್ನೆ ಕೊಟ್ಟು ಮೀಟಿ. ಮುಳ್ಳು ಎದ್ದು ಕಾಣುವಷ್ಟು ಹಾರಿ, ಸನ್ನೆ ತೆಗೆದರೂ ಪೂರ್ತಿ ಇಳಿಯದಿದ್ದರೆ ಬೇರಿಂಗ್ ಅಡ್ಜಸ್ಟ್ ಮಾಡಿಸಬೇಕು ಅಥವಾ ಬದಲಿಸಬೇಕು. ಅದು ಒಂದು ದಿನದ ಕೆಲಸವಲ್ಲ, ಆ ಶಾಫ್ಟ್ ನಾಳೆ ಬೇಕು ಅನ್ನುತ್ತಾರೆ. ಅಂಥಾಗ ನಾವು ಸೀಟಿನಲ್ಲಿ 0.3 ಬಿಟ್ಟು, ಎರಡೂ ತುದಿಯ ಸೆಂಟರ್ ಗುಂಡಿ ಶುದ್ಧ ಮಾಡಿ, ಸಿಲಿಂಡ್ರಿಕಲ್ ಗ್ರೈಂಡಿಂಗ್‌ಗೆ ಕಳಿಸುತ್ತೇವೆ. ಹುಡುಗನ ಎರಡನೇ ಶಾಫ್ಟ್ ಮಾತ್ರ ಗ್ರೈಂಡಿಂಗ್‌ಗೆ ಹೋಗಲಿಲ್ಲ. ಅದೇ ಲೇತು, ಅದೇ ಡಯಲ್. 25.010 ಬಂತು.